ಕೈಗಾಡಿ ಎಳೆದವರ ಸಿನಿಮಾ ಮತ್ತು ನನ್ನ ಬಾಣಂತನ

ಮೂರು ಸಲ ಕಾಫಿಗೆ ಕರೆದಿದ್ದೆ. ಮೂರು ಸಲವೂ ಬೇಡ ಅಂದರು.

ಮೊದಲನೇ ಸಲ, ನಾವು ಡಚ್ಚರ ನಾಡಿನ ನ್ಯೂವೆಗೈನ್‌ನ ಈ ಫ್ಲ್ಯಾಟಿಗೆ ಬಂದ ವಾರ. ಎರಡನೇ ಸಲ ದೀಪಾವಳಿಗೆ, ಚಕ್ಕುಲಿ ತಟ್ಟೆಯ ಜೊತೆ. (ಚಕ್ಕುಲಿ ತಗೊಂಡರು. ತಟ್ಟೆ ತೊಳೆದು ಖಾಲಿ ವಾಪಸ್ ಕೊಟ್ಟರು. ಅದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.) ಮೂರನೇ ಸಲ ಲಿಫ್ಟ್ ಕೆಟ್ಟಿತ್ತು. ಅವರ ತರಕಾರಿ ಚೀಲವನ್ನು ಮೂರು ಮಹಡಿ ಹೊತ್ತು ತಂದುಕೊಟ್ಟು, "ಒಂದು ಲೋಟ ಫಿಲ್ಟರ್ ಕಾಫಿ?" ಅಂದೆ. ನಕ್ಕು, ತಲೆಯಾಡಿಸಿ, ಬಾಗಿಲು ಹಾಕಿಕೊಂಡರು.

ಮೈಸೂರಿನವರ ಮನೆಯಲ್ಲಿ ಕಾಫಿ ಬೇಡ ಅನ್ನುವುದೆಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕೆ? ನಮ್ಮಲ್ಲಿ ಮಾತು ಬಿಟ್ಟ ನಾದಿನಿಯರೂ ಕಾಫಿ ಕುಡಿದೇ ಮುಖ ತಿರುಗಿಸುತ್ತಾರೆ. ಜಗಳಕ್ಕೂ ಅರ್ಧ ಲೋಟವಾದರೂ ಬೇಕು.

ಹಾಗಾಗಿ ನಾನು ತೀರ್ಮಾನ ಮಾಡಿಬಿಟ್ಟೆ. ಈ ಹೆಂಗಸಿಗೆ ನಮ್ಮ ಬಣ್ಣ ಹಿಡಿಸಿಲ್ಲ. ಇಲ್ಲವೇ ನಮ್ಮ ಇಂಗಿನ ಒಗ್ಗರಣೆ ಹಿಡಿಸಿಲ್ಲ. ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ, ಬರುವಾಗ ಎಕ್ಸ್‌ಪ್ರೆಸ್, ಹೋಗುವಾಗ ಪ್ಯಾಸೆಂಜರ್. ಆಮೇಲೆ ಎರಡು ವರ್ಷ ಗ್ಯಾಲರಿಯಲ್ಲಿ ಎದುರಾದಾಗ ಇಲ್ಲಿಯವರ ನಮಸ್ಕಾರದ ಒಂದು ಒಣ "ಹೋಯ್" ಬಿಟ್ಟು ಬೇರೆ ಮಾತಿಲ್ಲ. (ಗ್ಯಾಲರಿ ಅಂದರೆ ಸಾಲು ಫ್ಲ್ಯಾಟುಗಳ ಮುಂದೆ ಹಾದುಹೋಗುವ ತೆರೆದ ಓಣಿ. ಎಲ್ಲರ ಅಡುಗೆಮನೆ ಕಿಟಕಿಯೂ ಅದರ ಕಡೆಗೇ.) ಅವರ ಹೆಸರು ರಿಯಾ, ವಯಸ್ಸು ಎಪ್ಪತ್ತನಾಲ್ಕು, ಒಬ್ಬರೇ ಇರುತ್ತಾರೆ ಅನ್ನುವಷ್ಟು ಮಾತ್ರ ಗೊತ್ತಿತ್ತು.

ಈ ವಾರ ನಾನು ನಿಮಗೆ ಒಂದು ಸಿನಿಮಾ ಶಿಫಾರಸು ಮಾಡಬೇಕು. ಅದಕ್ಕೇ ಇಷ್ಟು ಪೀಠಿಕೆ. ಸಿನಿಮಾ ಕೊಟ್ಟವರು ಈ ರಿಯಾ ಅವರೇ.

ಕಳೆದ ವರ್ಷ ಮಾರ್ಚ್‌ನಲ್ಲಿ ನನಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು. ಏಪ್ರಿಲ್‌ನಲ್ಲಿ ಅಮ್ಮ ಬರುವುದೆಂದು ಟಿಕೆಟ್ ಆಗಿತ್ತು. ಮೈಸೂರಿನಲ್ಲಿ ಸೂಟ್‌ಕೇಸೂ ತುಂಬಿತ್ತು. ಅಂಟಿನುಂಡೆ, ಬಜೆ, ಓಂಕಾಳು, ಸಾಂಬ್ರಾಣಿ, ಹೊಟ್ಟೆಗೆ ಕಟ್ಟಲು ಹಳೆಯ ಪಂಚೆ, ಕಿವಿಗೆ ಇಡಲು ಹತ್ತಿ. (ಹತ್ತಿ ಇಲ್ಲೂ ಸಿಗುತ್ತದಮ್ಮ ಅಂದರೆ, "ಅದು ಬೇರೆ ಹತ್ತಿ" ಅಂದಳು.) ಇಪ್ಪತ್ಮೂರು ಕಿಲೋ ದಾಟಬಾರದು ಅಂತ ಅಪ್ಪ ಮೂರು ಸಲ ತೂಕ ಹಾಕಿದ್ದರು.

ಆಮೇಲೆ ನಿಮಗೂ ಗೊತ್ತಿರುವ ಕಥೆ. ವಿಮಾನಗಳು ನಿಂತವು. ಗಡಿ ಮುಚ್ಚಿತು. ಅಮ್ಮನ ಟಿಕೆಟ್ ರದ್ದಾಯಿತು.

ಆ ಬೆಳಿಗ್ಗೆ ನಾನು ಗ್ಯಾಲರಿಗೆ ಬಂದು ಕಂಬಿ ಹಿಡಿದು ಅತ್ತೆ. ಒಳಗೆ ನನ್ನ ಗಂಡ ಕಾರ್ತಿಕ್‌ಗೆ ಆಫೀಸಿನ ಮೀಟಿಂಗ್ ನಡೆಯುತ್ತಿತ್ತು, ಅಲ್ಲಿ ಅಳುವಂತಿರಲಿಲ್ಲ. ನನಗಿದ್ದದ್ದು ಒಂದೇ ಭಯ. ಅಮ್ಮನಿಲ್ಲದೆ ಹೆರುವುದು ಹೇಗೆ? ಹೆತ್ತ ಮೇಲೆ ನನ್ನನ್ನು ನೋಡಿಕೊಳ್ಳುವವರು ಯಾರು? ನಾನು ಮಗುವನ್ನು ನೋಡಿಕೊಳ್ಳಬಲ್ಲೆ, ಪುಸ್ತಕ ಓದಿದ್ದೆ. ನನ್ನನ್ನು ನೋಡಿಕೊಳ್ಳುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಅಮ್ಮನ ತಲೆಯಲ್ಲಿತ್ತು, ಅಮ್ಮನ ಸೂಟ್‌ಕೇಸಿನಲ್ಲಿತ್ತು.

ಪಕ್ಕದ ಬಾಗಿಲು ತೆರೆಯಿತು. ರಿಯಾ ಒಂದೂವರೆ ಮೀಟರ್ ದೂರದಲ್ಲೇ ನಿಂತರು. ಏನಾಯಿತು ಅಂದರು. ಹೇಳಿದೆ. ನನ್ನ ಡಚ್ ಅಳುವಾಗ ಇನ್ನೂ ಹಾಳು, ಆದರೂ ಹೇಳಿದೆ. ಅಷ್ಟೇ ಅಲ್ಲ, ಸಿಟ್ಟೂ ಸೇರಿಕೊಂಡು, "ನಿಮಗೇನು, ನೀವು ನನ್ನ ಮನೆ ಕಾಫಿ ಕೂಡ ಕುಡಿಯಲ್ಲ" ಅಂತಲೂ ಅಂದುಬಿಟ್ಟೆ.

ರಿಯಾ ನನ್ನನ್ನೇ ನೋಡಿದರು.

"ನಾನು ಮಾರ್ಮನ್" ಅಂದರು. (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ.) "ನಮ್ಮ ಧರ್ಮದಲ್ಲಿ ಕಾಫಿ ಕುಡಿಯೋ ಹಾಗಿಲ್ಲ. ಟೀ ಕೂಡ ಇಲ್ಲ. ನಾನು ಅವತ್ತೇ ಹೇಳಬೇಕಿತ್ತು. ನೀನು ಬಿಸಿನೀರು ಕೊಟ್ಟಿದ್ರೆ ಬರ್ತಿದ್ದೆ."

ಬಿಸಿನೀರು. ಮನೆಗೆ ಬಂದವರಿಗೆ ಬಿಸಿನೀರು ಕೊಡುವುದೆಂದು ನನಗೆ ಹೇಗೆ ಹೊಳೆಯಬೇಕು? ನಮ್ಮಲ್ಲಿ ಅದು ಕೆಮ್ಮಿದವರಿಗೆ ಕೊಡುವುದು. ಎರಡು ವರ್ಷ ನಾನು ಸಾಕಿಕೊಂಡು ಬಂದ ಸಿಟ್ಟು ಒಂದು ನಿಮಿಷದಲ್ಲಿ ಅನಾಥವಾಯಿತು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಧರ್ಮದ ವಿಚಾರ ಕಿವಿಗೆ ಬೀಳಲೇ ಇಲ್ಲ. "ಎಪ್ಪತ್ನಾಕು ವರ್ಷ ಕಾಫಿ ಇಲ್ದೆ ಬದುಕಿದಾರಾ? ದೊಡ್ಡ ಮನುಷ್ಯರು ಕಣೇ" ಅಂದಳು. ಆಮೇಲೆ, "ಬಾದಾಮಿ ಹಾಲಾದ್ರೂ ಮಾಡಿಕೊಡಬಾರ್ದಿತ್ತಾ, ಪೆದ್ದಿ" ಅಂತ ನನ್ನನ್ನೇ ಬೈದಳು.

ಮರುದಿನ ಬಾಗಿಲ ಹಿಡಿಗೆ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು. ಒಳಗೆ ಎರಡು ಕಿಲೋ ಅಕ್ಕಿ (ಆ ವಾರ ಅಂಗಡಿಯ ಕಪಾಟುಗಳು ಖಾಲಿಯಾಗಿದ್ದವು, ನೆನಪಿದೆಯಲ್ಲ), ಒಂದು ಡಿವಿಡಿ, ಒಂದು ಚೀಟಿ. "ಇದನ್ನು ನೋಡು. ನಾನು ಭಯವಾದಾಗ ನೋಡುತ್ತೇನೆ."

ಡಿವಿಡಿ ಪ್ಲೇಯರ್ ಯಾರ ಮನೆಯಲ್ಲಿದೆ ಸ್ವಾಮಿ? ನಮ್ಮಲ್ಲಿಲ್ಲ ಅಂತ ಹೇಳಿದೆ. ಮಧ್ಯಾಹ್ನ ಇನ್ನೊಂದು ಚೀಲ ಬಂತು. ಅದರಲ್ಲಿ ಪ್ಲೇಯರ್ ಇತ್ತು.

ಸಿನಿಮಾದ ಹೆಸರು ಕೇಳಬೇಡಿ. ಡಿವಿಡಿಯ ಅಸಲಿ ಕವರ್ ಯಾವತ್ತೋ ಕಳೆದುಹೋಗಿ, ಅದರ ಜಾಗದಲ್ಲಿ ರಿಯಾ ಅವರ ಮೊಮ್ಮಗಳು ಕ್ರೇಯಾನಿನಲ್ಲಿ ಬರೆದ ಕೈಗಾಡಿಯ ಚಿತ್ರವಿತ್ತು. ಟೈಟಲ್ ಕಾರ್ಡ್ ಬಂದಾಗ ನಾನು ಟಾಯ್ಲೆಟ್‌ನಲ್ಲಿದ್ದೆ. (ಎಂಟನೇ ತಿಂಗಳು. ಹೆತ್ತವರಿಗೆ ಅರ್ಥವಾಗುತ್ತದೆ.) ಮಾರ್ಮನ್ ಕೈಗಾಡಿ ಯಾತ್ರಿಕರ ಸಿನಿಮಾ ಅಂತ ಹುಡುಕಿ, ಒಂದಲ್ಲ ಒಂದು ಸಿಗುತ್ತದೆ.

ಆದರೆ ಹತ್ತು ದಿನ ನಾನು ಅದನ್ನು ಮುಟ್ಟಲಿಲ್ಲ. ಕಾರಣ ಕಾರ್ತಿಕ್.

"ಮೊದ್ಲು ಡಿವಿಡಿ, ಆಮೇಲೆ ಬುಕ್ಕು, ಆಮೇಲೆ ಕರ್ಕೊಂಡ್ಹೋಗಿ ನೀರಲ್ಲಿ ಮುಳುಗಿಸಿ ಅವರ ಧರ್ಮಕ್ಕೆ ಸೇರಿಸ್ಕೋತಾರೆ ನೋಡ್ತಿರು" ಅಂದ.

ನನಗೂ ಅನುಮಾನವೇ. ಮಾರ್ಮನ್ನರೆಂದರೆ ನನಗೆ ಗೊತ್ತಿದ್ದದ್ದು ಟೈ ಕಟ್ಟಿಕೊಂಡು ಸೈಕಲ್‌ನಲ್ಲಿ ಬಂದು ಬೆಲ್ ಒತ್ತುವ ಇಬ್ಬರು ಹುಡುಗರು ಮಾತ್ರ. ಅವರು ಬಂದಾಗ ನಾನು ಉಸಿರು ಬಿಗಿಹಿಡಿದು ಮನೆಯಲ್ಲಿಲ್ಲದ ಹಾಗೆ ಕೂರುತ್ತಿದ್ದೆ. ಹತ್ತು ದಿನ ರಿಯಾ ಒಂದು ಮಾತೂ ಕೇಳಲಿಲ್ಲ. ನೋಡಿದೆಯಾ ಅಂತಲೂ ಇಲ್ಲ. ಕೊನೆಗೆ ನನಗೇ ನಾಚಿಕೆಯಾಗಿ ಒಂದು ಭಾನುವಾರ ಮಧ್ಯಾಹ್ನ ಹಾಕಿದೆ. ಅಮ್ಮನೂ ನೋಡಲಿ ಅಂತ ವಿಡಿಯೋ ಕಾಲ್ ಮಾಡಿ ಫೋನನ್ನು ಟಿವಿಯ ಕಡೆ ತಿರುಗಿಸಿ, ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟೆ. ಸಿನಿಮಾ ಇಂಗ್ಲಿಷ್, ಕೆಳಗೆ ಡಚ್ ಅಕ್ಷರ, ಪಕ್ಕದಲ್ಲಿ ನನ್ನ ಕನ್ನಡ ಕಾಮೆಂಟರಿ.

ಕಥೆ ಸರಳ. ನೂರೈವತ್ತು ವರ್ಷಕ್ಕೂ ಹಿಂದಿನದು. ಇಂಗ್ಲೆಂಡಿನ, ಡೆನ್ಮಾರ್ಕಿನ ಬಡವರು. ಹೊಸದಾಗಿ ಈ ಧರ್ಮಕ್ಕೆ ಬಂದವರು. ತಮ್ಮ ಜನ ಕಟ್ಟುತ್ತಿರುವ ಊರು ಅಮೆರಿಕದ ಒಳನಾಡಿನಲ್ಲಿ ಎಲ್ಲೋ ಇದೆ, ಅಲ್ಲಿಗೆ ಹೋಗಬೇಕು. ಹಡಗಿನಲ್ಲಿ ಸಮುದ್ರ ದಾಟುತ್ತಾರೆ. ರೈಲು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ರೈಲು. ಅಲ್ಲಿಂದ ಮುಂದೆ ಸಾವಿರ ಮೈಲಿಗೂ ಹೆಚ್ಚು ದಾರಿ ಕಾಲ್ನಡಿಗೆ. ಎತ್ತಿನ ಗಾಡಿ ಕೊಳ್ಳುವ ಶಕ್ತಿ ಇಲ್ಲ, ಅದಕ್ಕೇ ಕೈಗಾಡಿ. ಎತ್ತಿನ ಜಾಗದಲ್ಲಿ ಗಂಡ ಹೆಂಡತಿ, ಹಿಂದಿನಿಂದ ತಳ್ಳುವುದಕ್ಕೆ ಮಕ್ಕಳು.

ಹೊರಡುವ ಮುಂಚೆ ಒಂದು ದೃಶ್ಯ. ತಕ್ಕಡಿ ಇಟ್ಟಿದ್ದಾರೆ. ತಲೆಗಿಷ್ಟೇ ತೂಕ, ಅದಕ್ಕಿಂತ ಹೆಚ್ಚಿಗೆ ಗಾಡಿಗೆ ಹಾಕುವಂತಿಲ್ಲ. ಹೆಂಗಸರು ಒಂದೊಂದೇ ಸಾಮಾನು ತೆಗೆದು ಹುಲ್ಲಿನ ಮೇಲಿಡುತ್ತಾರೆ. ಕೆಟಲು, ಕನ್ನಡಿ, ಅಜ್ಜಿಯ ಗಡಿಯಾರ. ಡೆನ್ಮಾರ್ಕಿನ ಮುದುಕಿಯೊಬ್ಬಳು ಗಾಡಿಗಳ ಮರೆಗೆ ಹೋಗಿ ಲಂಗದ ಮೇಲೆ ಲಂಗ, ಅದರ ಮೇಲೆ ಇನ್ನೊಂದು ಲಂಗ ಉಟ್ಟು, ಒಂದು ಪುಟ್ಟ ರಜಾಯಿಯನ್ನೂ ಸೊಂಟಕ್ಕೆ ಸುತ್ತಿಕೊಂಡು ದಪ್ಪಗಾಗಿ ಬಂದು ನಿಲ್ಲುತ್ತಾಳೆ.

ಫೋನಿನಿಂದ ಅಮ್ಮನ ನಗು. "ಏರ್‌ಪೋರ್ಟಲ್ಲಿ ನಿಮ್ಮ ಚಿಕ್ಕಮ್ಮ ಎರಡು ಸ್ವೆಟರ್ ಹಾಕ್ಕೊಂಡು ನಿಂತಿರ್ಲಿಲ್ವಾ, ಥೇಟ್ ಹಾಗೇ."

ದಾರಿಯುದ್ದಕ್ಕೂ ಅವರು ಹಾಡುತ್ತಾರೆ. ಚಕ್ರ ಮುರಿದರೆ ಹಾಡು. ಹಿಟ್ಟು ಮುಗಿದರೆ ಹಾಡು. "ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗೋರ ಹಾಗೇ ಇದಾರಲ್ಲೇ" ಅಂದಳು ಅಮ್ಮ. ಆಮೇಲೆ ಚಳಿ ಬರುತ್ತದೆ. ಹೊರಟದ್ದೇ ತಡವಾಗಿತ್ತು, ಹಿಮ ಬೇಗ ಬಂತು. ದಿನಾ ಬೆಳಿಗ್ಗೆ ಯಾರೋ ಒಬ್ಬರು ಏಳುವುದಿಲ್ಲ. ನೆಲ ಕಲ್ಲಾಗಿದೆ, ಅಗೆಯಲಾಗುವುದಿಲ್ಲ. ಹಿಮದಿಂದಲೇ ಮುಚ್ಚಿ, ಒಂದು ಪ್ರಾರ್ಥನೆ ಹೇಳಿ, ಮತ್ತೆ ಗಾಡಿ ಎಳೆಯುತ್ತಾರೆ. ಹಿಂತಿರುಗಿ ನೋಡುವುದಕ್ಕೂ ಪುರುಸೊತ್ತಿಲ್ಲ.

ನಾನು ಕಾಮೆಂಟರಿ ನಿಲ್ಲಿಸಿದ್ದೆ.

ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ಸಿನಿಮಾದಲ್ಲಿ ಕೊರತೆಗಳಿವೆ. ಪಿಟೀಲು ಜಾಸ್ತಿ. ಎರಡು ತಿಂಗಳು ಹಸಿದ ಜನರ ಹಲ್ಲುಗಳು ಜಾಹೀರಾತಿನಷ್ಟು ಬಿಳಿ. ಆದರೆ ಆ ಒಂದು ದೃಶ್ಯಕ್ಕಾಗಿ ನಾನು ಪಿಟೀಲನ್ನೂ ಹಲ್ಲನ್ನೂ ಕ್ಷಮಿಸಿದ್ದೇನೆ.

ಒಬ್ಬಳು ಇಂಗ್ಲಿಷ್ ಹುಡುಗಿ. ಹತ್ತೊಂಬತ್ತು ಇರಬಹುದು. ದಿನ ತುಂಬಿದ ಬಸುರಿ. ಅವಳ ಅಮ್ಮ ಈ ಧರ್ಮ ಒಪ್ಪಲಿಲ್ಲ, ಕಳಿಸಿಕೊಡಲು ಬಂದರಿಗೂ ಬಂದಿರಲಿಲ್ಲ. ಹಿಮ ಸುರಿಯುತ್ತಿರುವಾಗ, ಬಟಾಬಯಲಿನಲ್ಲಿ, ಅವಳಿಗೆ ನೋವು ಶುರುವಾಗುತ್ತದೆ. ಗಾಡಿಗಳು ನಿಲ್ಲುತ್ತವೆ. ಗಂಡಸರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಮೈಮೇಲಿನ ಶಾಲು ತೆಗೆಯುತ್ತಾರೆ, ಆ ಚಳಿಯಲ್ಲಿ. ಅಂಚಿಗೆ ಅಂಚು ಸೇರಿಸಿ, ಕೈ ಮೇಲೆತ್ತಿ, ಸುತ್ತಲೂ ಗೋಡೆಯಾಗಿ ನಿಲ್ಲುತ್ತಾರೆ. ಕ್ಯಾಮೆರಾ ಒಳಗೆ ಹೋಗುವುದೇ ಇಲ್ಲ. ಆ ಹೆಂಗಸರ ಬೆನ್ನುಗಳನ್ನು ಮಾತ್ರ ತೋರಿಸುತ್ತದೆ. ಅವರ ಕೂದಲ ಮೇಲೆ ಹಿಮ ಕೂರುತ್ತಾ ಹೋಗುತ್ತದೆ. ಎತ್ತಿ ಹಿಡಿದ ಕೈಗಳು ನಡುಗುತ್ತವೆ, ಇಳಿಯುವುದಿಲ್ಲ.

ಒಳಗೆ ಇರುವುದು ಆ ಡೆನ್ಮಾರ್ಕಿನ ಮುದುಕಿ. ಹುಡುಗಿಯ ಭಾಷೆ ಅವಳಿಗೆ ಬಾರದು, ಅವಳ ಭಾಷೆ ಹುಡುಗಿಗೆ ಬಾರದು. ಮಗು ಅಳುತ್ತದೆ. ಶಾಲುಗಳು ಸರಿದಾಗ ಮುದುಕಿ ಲಂಗದೊಳಗಿನಿಂದ ಆ ರಜಾಯಿ ಬಿಚ್ಚಿ ಮಗುವಿಗೆ ಸುತ್ತುತ್ತಿರುತ್ತಾಳೆ.

ಮರುದಿನ ಬೆಳಿಗ್ಗೆ ಹುಡುಗಿ ನಾನೂ ನಡೆಯುತ್ತೇನೆ ಅಂತ ಗಾಡಿಯಿಂದ ಇಳಿಯಹೋಗುತ್ತಾಳೆ. ಮುದುಕಿ ಡ್ಯಾನಿಷ್‌ನಲ್ಲಿ ಜೋರಾಗಿ ಏನೋ ಗದರುತ್ತಾಳೆ. ಕೆಳಗೆ ಅಕ್ಷರ ಬರಲಿಲ್ಲ. ನನಗೆ ಅರ್ಥವಾಗಲಿಲ್ಲ.

"ಬಾಣಂತಿ ಕಾಲು ಕೆಳಗಿಡಬಾರ್ದು ಅಂತ ಬೈತಿದಾಳೆ" ಅಂದಳು ಅಮ್ಮ, ಮೈಸೂರಿನಿಂದ.

ಕೊನೆ ಹೇಳುವುದಿಲ್ಲ. ನೀವು ನೋಡಬೇಕಲ್ಲ. ನಾನಂತೂ ಮುಗಿದ ಮೇಲೂ ಸೋಫಾದಿಂದ ಏಳಲಿಲ್ಲ. ನಾನು ದೇವರ ಮನೆಯಲ್ಲಿ ಅರ್ಧ ನಿಮಿಷ ನಿಂತು ಓಡುವ ಜಾತಿ. ನಂಬಿಕೆ ಅನ್ನುವುದು ನನಗೆ ಹಬ್ಬದ ದಿನ ಹೊರಗೆ ತೆಗೆಯುವ ಬೆಳ್ಳಿ ತಟ್ಟೆಯಷ್ಟೇ. ಇಲ್ಲಿ ಜನ ಅದನ್ನು ಇಟ್ಟುಕೊಂಡು ನಡೆದಿದ್ದರು, ಹೆತ್ತಿದ್ದರು, ಹೂಳಿದ್ದರು. ನನಗೆ ಬೆರಗಾಯಿತು. ಅವರ ದೇವರ ಬಗ್ಗೆ ಅಲ್ಲ. ಆ ಎತ್ತಿದ ಕೈಗಳ ಬಗ್ಗೆ.

ಫೋನಿನಲ್ಲಿ ಅಮ್ಮ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಆಮೇಲೆ ಮೆತ್ತಗೆ ಅಂದಳು, "ಆ ಅಜ್ಜಿಗೆ ಫೋನ್ ಕೊಡು."

"ಯಾವ ಅಜ್ಜಿಗೆ?"

"ಪಕ್ಕದ ಮನೆಯೋರಿಗೆ ಕಣೇ. ನಾನು ಮಾತಾಡ್ಬೇಕು."

ಹೀಗೆ ಆ ಭಾನುವಾರ ನಮ್ಮ ಗ್ಯಾಲರಿಯಲ್ಲಿ ಒಂದು ಸಭೆ ನಡೆಯಿತು. ರಿಯಾ ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ತೊಡೆಯ ಮೇಲಿಟ್ಟು ಕೂತರು. ನಾನು ನನ್ನ ಬಾಗಿಲಲ್ಲಿ, ಫೋನನ್ನು ಚಾಚಿ ಹಿಡಿದು. ಅಮ್ಮ ಕನ್ನಡದಲ್ಲಿ, ರಿಯಾ ಡಚ್‌ನಲ್ಲಿ, ಮಧ್ಯೆ ನಾನು ಹೊಟ್ಟೆ ಹೊತ್ತ ದುಭಾಷಿ.

ಅಮ್ಮ ಬಾಣಂತನವನ್ನು ಒಪ್ಪಿಸುತ್ತಿದ್ದಳು. ನನಗೆ ಅದು ಅರ್ಥವಾಗಿದ್ದು ಅರ್ಧ ದಾರಿಯಲ್ಲಿ. ತನ್ನದೆಂದು ಇಟ್ಟುಕೊಂಡಿದ್ದ ಹಕ್ಕನ್ನು, ತನ್ನ ಅಮ್ಮ ತನಗೆ ಮಾಡಿದ್ದನ್ನು, ನೋಡಿರದ ಒಬ್ಬ ಹೆಂಗಸಿಗೆ ಒಂದೊಂದೇ ಬಿಟ್ಟುಕೊಡುತ್ತಿದ್ದಳು.

"ಹನ್ನೊಂದು ದಿನ ತಣ್ಣೀರು ಮುಟ್ಟಿಸ್ಬೇಡಿ ಅಂತ ಹೇಳು."

ಹೇಳಿದೆ. ರಿಯಾ ಬರೆದುಕೊಂಡರು.

"ದಿನಾ ಬೆಳ್ಳುಳ್ಳಿ ಹುರಿದು ಕೊಡ್ಬೇಕು."

"ಎಷ್ಟು?" ಅಂದರು ರಿಯಾ.

"ಒಂದು ಗಡ್ಡೆ."

"ವಾರಕ್ಕಾ?"

"ದಿನಕ್ಕೆ" ಅಂದಳು ಅಮ್ಮ.

ರಿಯಾ ಪೆನ್ನು ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದರು.

ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ, ಕಾರ್ತಿಕ್ ಒಬ್ಬನೇ ಜೊತೆಯಲ್ಲಿ. ನಾಲ್ಕು ಗಂಟೆಗಳ ನಂತರ, ಎಲ್ಲ ಚೆನ್ನಾಗಿದೆ, ಮನೆಗೆ ಹೋಗಬಹುದು ಅಂದರು. ಇಲ್ಲಿ ಹಾಗೇ. "ನಾಕು ಗಂಟೇನಾ? ನಾಕು ದಿನ ಇರ್ಬೇಕು ಕಣೇ" ಅಂತ ಅಮ್ಮ ಫೋನಿನಲ್ಲಿ ಹೌಹಾರಿದಳು.

ಈ ದೇಶದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಹೆರಿಗೆಯಾದ ಮನೆಗೆ ಒಂದು ವಾರ ನರ್ಸ್ ಬಂದು ತಾಯಿ ಮಗುವನ್ನು ನೋಡಿಕೊಳ್ಳುತ್ತಾರೆ. ಆದರೆ ಆ ದಿನಗಳಲ್ಲಿ ಅದಕ್ಕೂ ಕತ್ತರಿ. ದಿನಕ್ಕೆ ಸ್ವಲ್ಪ ಹೊತ್ತು ಬರುತ್ತಿದ್ದರು, ಉಳಿದದ್ದು ಫೋನಿನಲ್ಲಿ. ಒಳ್ಳೆಯ ಹೆಂಗಸೇ. ಬಂದ ಮೊದಲ ಬೆಳಿಗ್ಗೆ ಕಿಟಕಿ ಪೂರ್ತಿ ತೆರೆದರು, ಸ್ನಾನ ಮಾಡಿ ಬಾ ಅಂದರು, ಬ್ರೆಡ್ಡಿನ ಮೇಲೆ ಚೀಸ್ ಇಟ್ಟು, ಫ್ರಿಜ್ಜಿನಿಂದ ತಣ್ಣನೆಯ ಹಾಲು ಬಗ್ಗಿಸಿ ಕೊಟ್ಟರು.

ಅಡುಗೆಮನೆ ಕಿಟಕಿಯ ಆಚೆಯಿಂದ ಧ್ವನಿ ಬಂತು. "ಅವಳಿಗೆ ತಣ್ಣನೆಯದು ಕೊಡೋ ಹಾಗಿಲ್ಲ."

ರಿಯಾ. ಕೋಟು ಹಾಕಿಕೊಂಡು, ನೋಟ್‌ಬುಕ್ ಹಿಡಿದು, ಗ್ಯಾಲರಿಯಲ್ಲಿ ನಿಂತಿದ್ದರು.

"ಯಾಕೆ?" ಅಂದರು ನರ್ಸ್.

"ಹನ್ನೊಂದು ದಿನ ಕೊಡೋ ಹಾಗಿಲ್ಲ. ಅವಳ ಅಮ್ಮ ಹೇಳಿದಾರೆ."

ಇಬ್ಬರು ಡಚ್ ಹೆಂಗಸರು ನನ್ನ ಹಾಲಿನ ಬಗ್ಗೆ ಐದು ನಿಮಿಷ ವಾದ ಮಾಡಿದರು. ಡಚ್ಚರ ವಾದ ನಿಮಗೆ ಗೊತ್ತಲ್ಲ, ಬೆಣ್ಣೆ ಹಚ್ಚುವುದಿಲ್ಲ. ಕೊನೆಗೆ ನರ್ಸ್ ಹಾಲನ್ನು ಬಿಸಿ ಮಾಡಿದರು.

ನಲವತ್ತು ದಿನ. ರಿಯಾ ಒಳಗೆ ಬರುವಂತಿರಲಿಲ್ಲ, ನಾವೂ ಕರೆಯುವಂತಿರಲಿಲ್ಲ. ಅವರ ವಯಸ್ಸಿಗೆ ಆ ರೋಗ ತಗುಲಿದರೆ ಏನಾಗುತ್ತದೆ ಅಂತ ದಿನಾ ಟಿವಿಯಲ್ಲಿ ಹೇಳುತ್ತಿದ್ದರು. ಅವರ ಮಗ ಫೋನ್ ಮಾಡಿ, ಬಾಗಿಲಿನಾಚೆ ಕಾಲಿಡಬೇಡ ಅಂತ ಗದರಿದ್ದನಂತೆ. ಅವರು ಕಿಟಕಿಯ ಹೊರಗೆ ನಿಂತರು. ಮಳೆಯಲ್ಲೂ ನಿಂತರು, ಈ ಊರಿನ ಹಾಳು ಗಾಳಿಯಲ್ಲೂ ನಿಂತರು. ಕಿಟಕಿಯ ಕಟ್ಟೆಯ ಮೇಲೆ ಪಾತ್ರೆ ಇಟ್ಟು ಹಿಂದೆ ಸರಿಯುತ್ತಿದ್ದರು. ಒಳಗಿದ್ದ ಕಾರ್ತಿಕ್‌ಗೆ ಅವರೇ ಮೇಸ್ತ್ರಿ. "ನೀರು ಕಾದಿದೆಯಾ? ಬೆನ್ನಿಗೆ ಹಾಕು. ಎಣ್ಣೆ ಹಚ್ಚಿದೆಯಾ? ಕಿವಿಗೆ ಹತ್ತಿ?" ಹೊಟ್ಟೆಗೆ ಬಟ್ಟೆ ಕಟ್ಟುವುದನ್ನು ತಮ್ಮ ಕೋಟಿನ ಮೇಲೇ ಕಟ್ಟಿ ತೋರಿಸಿಕೊಟ್ಟರು. ಬಾಣಂತಿಯ ಸಾರು ಅವರ ಒಲೆಯಿಂದಲೇ ಬರುತ್ತಿತ್ತು. ಮೆಣಸು ಹದವಾಗಿ ಬರಲು ಒಂದು ವಾರ ಹಿಡಿಯಿತು. ಬೆಳ್ಳುಳ್ಳಿ ಮೊದಲ ದಿನದಿಂದಲೂ ಪೂರ್ತಿ ಗಡ್ಡೆ.

ಮತಾಂತರದ ಮಾತು? ಒಂದೇ ಒಂದು ಬಂದಿಲ್ಲ. ಕಾರ್ತಿಕ್ ಮೂವತ್ತನೇ ದಿನದವರೆಗೂ ಕಾದ. ಆಮೇಲೆ ಅವನೇ ನಾಚಿಕೊಂಡು ಅವರ ಕಿಟಕಿಗಳನ್ನು ತೊಳೆದುಕೊಟ್ಟ.

ಒಂದು ದಿನ ನಾನೇ ಕೇಳಿದೆ. ಅವರ ಚರ್ಚಿನಲ್ಲಿ ಪ್ರತಿ ಹೆಂಗಸಿಗೂ ಇಂತಿಂಥ ಮನೆಗಳನ್ನು ವಿಚಾರಿಸಿಕೊಳ್ಳಬೇಕು ಅಂತ ಒಂದು ಪಟ್ಟಿ ಕೊಡುತ್ತಾರಂತೆ. "ಆ ಪಟ್ಟಿಯಲ್ಲಿ ನನ್ನ ಹೆಸರಿದೆಯಾ?" ಅಂದೆ.

"ಇಲ್ಲ. ಅದರಲ್ಲಿ ನಾಲ್ಕು ಜನ ಇದಾರೆ" ಅಂದರು ರಿಯಾ. "ನೀನು ಪಕ್ಕದ ಮನೆಯವಳು, ಅಷ್ಟೇ."

"ಈ ತಣ್ಣೀರು, ಬೆಳ್ಳುಳ್ಳಿ, ಇದರಲ್ಲೆಲ್ಲ ನಿಮಗೆ ನಂಬಿಕೆ ಇದೆಯಾ?"

"ಏನೇನೂ ಇಲ್ಲ. ನಿನ್ನ ಅಮ್ಮನಿಗೆ ಇದೆಯಲ್ಲ."

ಈ ಮಾತನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ. ತನಗೆ ನಂಬಿಕೆಯಿಲ್ಲದ್ದನ್ನು, ಇನ್ನೊಬ್ಬರಿಗೆ ನಂಬಿಕೆಯಿದೆ ಅನ್ನುವ ಒಂದೇ ಕಾರಣಕ್ಕೆ, ನಲವತ್ತು ದಿನ ಚಾಚೂ ತಪ್ಪದೆ ಮಾಡುವುದು. ನಮ್ಮ ಮನೆಗಳಲ್ಲಿ ಅತ್ತೆಯ ಒಂದು ಏಕಾದಶಿಗೆ ಸೊಸೆ, ಸೊಸೆಯ ಒಂದು ಪಿಜ್ಜಾಗೆ ಅತ್ತೆ ಎಷ್ಟು ಮೂತಿ ತಿರುವುತ್ತೇವೆ ಹೇಳಿ? ನಂಬುವವರನ್ನು ಮೂಢರು ಅನ್ನುವುದು ಸುಲಭ. ನಂಬದವರನ್ನು ಕೆಟ್ಟವರು ಅನ್ನುವುದು ಇನ್ನೂ ಸುಲಭ. ಈ ಹೆಂಗಸು ಎರಡನ್ನೂ ಮಾಡಲಿಲ್ಲ. ನನ್ನ ಮೂವತ್ತೆರಡು ವರ್ಷದಲ್ಲಿ ಇಂಥವರನ್ನು ನಾನು ನೋಡಿರಲಿಲ್ಲ.

ಅಮ್ಮ ಬಂದದ್ದು ಮೊನ್ನೆ ಮೊನ್ನೆ. ಹೌದು, ಈಗ. ಎರಡು ಡೋಸ್ ಆಗಿ, ಗಡಿ ತೆರೆದು, ಅವಳು ಬರುವ ಹೊತ್ತಿಗೆ ಮಗಳಿಗೆ ಒಂದೂವರೆ ವರ್ಷ ಹತ್ತಿರ. ಸೂಟ್‌ಕೇಸಿನಲ್ಲಿ ಈ ಸಲ ಬಜೆಯೂ ಇಲ್ಲ, ಅಂಟಿನುಂಡೆಯೂ ಇಲ್ಲ. ನಿಯಮದ ಪ್ರಕಾರ ಹತ್ತು ದಿನ ಮನೆಯೊಳಗೇ ಇದ್ದಳು. ಹನ್ನೊಂದನೇ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ದೊಡ್ಡ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಒಂದು ಹಸಿರು ಸೀರೆ, ರವಿಕೆ ಕಣ, ಅಕ್ಕಿ, ತೆಂಗಿನಕಾಯಿ, ನಮ್ಮ ಕಡೆಯ ಸಾಮಾನು ಸಿಗುವ ಸುರಿನಾಮಿ ಅಂಗಡಿಗೆ ಕಾರ್ತಿಕ್‌ನನ್ನು ಕಳಿಸಿ ತರಿಸಿದ್ದ ವೀಳ್ಯದೆಲೆ ಅಡಿಕೆ, ಅರಿಶಿನ ಕುಂಕುಮದ ಬಟ್ಟಲು.

"ಬಾಣಂತನ ಮಾಡಿದೋರಿಗೆ ಮಡಿಲು ತುಂಬ್ದೆ ಇರಕ್ಕಾಗತ್ತೇನೇ? ನಡಿ" ಅಂದಳು.

ನಾನು ಕುಂಕುಮದ ಬಟ್ಟಲು ನೋಡಿದೆ. ಮೆಲ್ಲಗೆ ಅಂದೆ, "ಅಮ್ಮ, ರಿಯಾಗೆ ಗಂಡ ಇಲ್ಲ. ತೀರಿಕೊಂಡು ಹತ್ತು ವರ್ಷ ಆಯ್ತು."

ಯಾಕೆ ಹೇಳಿದೆನೋ ಗೊತ್ತಿಲ್ಲ. ಬಾಯಿಗೆ ಬಂತು. ಇದೇ ಅಮ್ಮ ನನ್ನ ಮದುವೆಯಲ್ಲಿ, ಆರತಿಯ ಹೊತ್ತಿಗೆ, ಗಂಡನಿಲ್ಲದ ನನ್ನ ಸೋದರತ್ತೆಗೆ ಹಿಂದೆ ಸರಿಯಿರಿ ಅಂತ ಕಣ್ಣಿನಲ್ಲೇ ಹೇಳಿದ್ದಳು. ಅತ್ತೆ ಸರಿದು ಕಂಬದ ಹಿಂದೆ ನಿಂತಿದ್ದರು. ನನ್ನನ್ನು ಎತ್ತಿ ಆಡಿಸಿದ ಅತ್ತೆ. ನಾನು ಮಂಟಪದ ಮೇಲಿನಿಂದ ನೋಡಿದ್ದೆ, ನೋಡಿ ಸುಮ್ಮನೆ ಕೂತಿದ್ದೆ.

ಅಮ್ಮ ನನ್ನ ಕಡೆ ತಿರುಗಲೂ ಇಲ್ಲ. "ಗೊತ್ತು ಕಣೇ" ಅಂದಳು. ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದಳು.

ರಿಯಾ ಬಾಗಿಲು ತೆರೆದರು. ಅಮ್ಮ ಕುಂಕುಮ ತೆಗೆದು ಅವರ ಹಣೆಗಿಟ್ಟಳು. ಪ್ಯಾಂಟು ತೊಟ್ಟವರಿಗೆ ಮಡಿಲೆಲ್ಲಿ? ಆ ಹಸಿರು ಸೀರೆಯನ್ನೇ ಅವರ ಎರಡು ಕೈಗಳ ಮೇಲೆ ಹರಡಿ, ಅದರಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ ಹಾಕಿದಳು. ಆಮೇಲೆ ಬಗ್ಗಿ ಕಾಲು ಮುಟ್ಟಿದಳು. ರಿಯಾ ಗಾಬರಿಯಾಗಿ ತಾವೂ ಬಗ್ಗಲು ಹೋದರು, ಮಂಡಿ ಕೇಳಲಿಲ್ಲ. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ನಿಂತರು.

"ನಾನು ಮಾಡ್ಬೇಕಾಗಿದ್ದನ್ನ ನೀವು ಮಾಡಿದ್ರಿ" ಅಂದಳು ಅಮ್ಮ, ಕನ್ನಡದಲ್ಲಿ.

"ಹನ್ನೊಂದು ದಿನ ಅವಳು ತಣ್ಣೀರು ಮುಟ್ಟಿಲ್ಲ" ಅಂದರು ರಿಯಾ, ಡಚ್‌ನಲ್ಲಿ. "ನಾನು ನೋಡ್ಕೊಂಡೆ."

ನಾನು ಅನುವಾದಿಸಲು ಬಾಯಿ ತೆರೆದೆ. ಇಬ್ಬರೂ ನನ್ನತ್ತ ನೋಡಲಿಲ್ಲ.

ವಾಪಸ್ ಬಂದು ಅಮ್ಮ ಖಾಲಿ ತಟ್ಟೆ ತೊಳೆಯುತ್ತಾ ಅಂದಳು, "ಊರಿಗೆ ಹೋದ್ಮೇಲೆ ನಿಮ್ಮ ಸೋದರತ್ತೆ ಮನೆಗೂ ಹೋಗ್ಬೇಕು. ಒಂದು ಸೀರೆ ತಗೊಂಡು, ಕುಂಕುಮ ತಗೊಂಡು."

ಆರು ವರ್ಷದಿಂದ ಯುರೋಪಿನಲ್ಲಿರುವ ನಾನು ಕುಂಕುಮಕ್ಕೆ ಅಡ್ಡ ನಿಂತೆ, ಮೊದಲ ಸಲ ವಿಮಾನ ಹತ್ತಿದ ಅಮ್ಮ ನನ್ನನ್ನು ದಾಟಿಕೊಂಡು ಹೋದಳು.

ನೀವೇ ಹೇಳಿ, ನಮ್ಮಿಬ್ಬರಲ್ಲಿ ಹೆಚ್ಚು ದೂರ ಬಂದವರು ಯಾರು?